ನೀಲಿ ಸ್ವೆಟರ್ ಬಿಚ್ಚಿದ ಮಧ್ಯಾಹ್ನ

ನಿನ್ನೆ ಮಧ್ಯಾಹ್ನ ಊಟ ಮುಗಿಸಿ, ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು, ಮಗನ ನೀಲಿ ಸ್ವೆಟರ್ ಬಿಚ್ಚಲು ಕೂತೆ. ಹೆಣೆಯಲು ಎರಡೂವರೆ ತಿಂಗಳು ಹಿಡಿದಿತ್ತು. ಬಿಚ್ಚಲು ಮುಕ್ಕಾಲು ಗಂಟೆ. ಅದರಲ್ಲೂ ಕಾಲು ಗಂಟೆ ಹೋಗಿದ್ದು ಪಕ್ಕದ ಹೊಲಿಗೆ ಎಲ್ಲಿದೆ ಅಂತ ಹುಡುಕುವುದಕ್ಕೆ. ಯಾರ ಕಣ್ಣಿಗೂ ಬೀಳಬಾರದು ಅಂತ ಅಷ್ಟು ಜೋಪಾನವಾಗಿ ಆ ಹೊಲಿಗೆ ಹಾಕಿದವಳು ನಾನೇ, ಈಗ ನನ್ನ ಕಣ್ಣಿಗೇ ಬೀಳಲಿಲ್ಲ.

ಸುಮ್ನೆ ಕೂತು ಲೆಕ್ಕ ಹಾಕಿದೆ. ಮುಂದಿನ ಭಾಗಕ್ಕೆ 80 ಕುಣಿಕೆ, 120 ಸಾಲು. ಹಿಂದಿನದ್ದೂ ಅಷ್ಟೇ. ಎರಡು ತೋಳು ಸೇರಿ ಹತ್ತಿರ ಹತ್ತಿರ 9 ಸಾವಿರ. ಒಟ್ಟು 28 ಸಾವಿರ ಕುಣಿಕೆ, ಕುತ್ತಿಗೆ ಪಟ್ಟಿ ಬೇರೆ. ಇಷ್ಟನ್ನೂ ಒಂದೊಂದಾಗಿ ಕಡ್ಡಿಯಿಂದ ಕಡ್ಡಿಗೆ ದಾಟಿಸಿದ್ದೇನೆ. ಈಗ ದಾರದ ತುದಿ ಹಿಡಿದು ಎಳೆದರೆ ಜೋಳ ಹುರಿದ ಹಾಗೆ ಪಟಪಟ ಅಂತ ಬಿಚ್ಚಿಕೊಳ್ಳುತ್ತಾ ಹೋಯಿತು. ನಿಜ ಹೇಳಬೇಕೆಂದರೆ ಆ ಎಳೆಯುವುದರಲ್ಲಿ ಒಂಥರಾ ಖುಷಿ ಇದೆ. ದುಃಖ ಆಗಬೇಕಿತ್ತು, ಆಗಲಿಲ್ಲ. ಶುರು ಮಾಡುವವರೆಗೂ ಹೊಟ್ಟೆಯಲ್ಲಿ ಸಂಕಟ, ಹತ್ತು ಸಾಲು ಬಿಚ್ಚಿದ ಮೇಲೆ ಇನ್ನೂ ಎಳೆಯೋಣ ಅನ್ನಿಸುತ್ತದೆ.

ಬಿಚ್ಚುವುದಕ್ಕೂ ಒಂದು ರೀತಿ ಇದೆ. ಎಲ್ಲಿ ಮುಗಿಸಿದ್ದೇವೋ ಆ ತುದಿಯಿಂದ ಬಿಚ್ಚಬೇಕು, ಎಲ್ಲಿ ಶುರು ಮಾಡಿದ್ದೇವೋ ಅಲ್ಲಿಂದ ಅಲ್ಲ. ಶುರುವಿನ ತುದಿಯಿಂದ ಎಳೆದರೆ ಎರಡು ಕುಣಿಕೆ ಬಿಚ್ಚುವಷ್ಟರಲ್ಲಿ ದಾರ ಸಿಕ್ಕಿಕೊಂಡು ಗಂಟಾಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಅಮ್ಮನ ಹಳೇ ಸ್ವೆಟರಿನ ಕೆಳಗಿನ ಅಂಚಿಗೆ ಕತ್ತರಿ ಹಾಕಿದ್ದೆ. ಅಮ್ಮ ನೋಡಿದವರೇ, "ಎಂತ ಮಾಡ್ದೆ ಮಾರಾಯ್ತಿ, ಬುಡದಿಂದ ಯಾರಾದ್ರೂ ಬಿಚ್ತಾರಾ?" ಅಂದಿದ್ದರು. ಆವತ್ತು ಕಲಿತದ್ದು ಇವತ್ತಿಗೂ ಮರೆತಿಲ್ಲ.

ಸರಿ, ಯಾಕೆ ಬಿಚ್ಚಿದೆ ಅಂತ ಹೇಳಬೇಕಲ್ಲ.

ಮಗ ನಾಲ್ಕನೇ ಕ್ಲಾಸು. ಅವನ ಸ್ಕೂಲಿನಲ್ಲಿ ಚಳಿಗಾಲಕ್ಕೆ ನೇವಿ ಬ್ಲೂ ಸ್ವೆಟರ್ ಅಂತ ನಿಯಮ. ನೇವಿ ಬ್ಲೂ ತಾನೇ, ನಾನೇ ಹಾಕಿಬಿಡೋಣ ಅಂತ ದಸರಾ ರಜೆಯಲ್ಲಿ ಶುರು ಮಾಡಿದೆ. 300 ಗ್ರಾಂ ಉಲ್ಲನ್ ತಂದೆ, ಒಂದೇ ಲಾಟ್ ನಂಬರಿಂದು, ಅಂದರೆ ಒಂದೇ ಸಲ ಬಣ್ಣ ಹಾಕಿದ್ದು, ಉಂಡೆ ಉಂಡೆ ನೋಡಿ ಆರಿಸಿ. (ಲಾಟ್ ನಂಬರ್ ನೋಡದೆ ತಂದು, ಆಮೇಲೆ ಕಡಿಮೆ ಬಿದ್ದು, ಇನ್ನೊಂದು ಉಂಡೆ ತಂದರೆ ಎದೆ ಒಂದು ನೀಲಿ, ತೋಳು ಇನ್ನೊಂದು ನೀಲಿ ಆಗುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ, ಮನೆಗೆ ಬಂದು ಬಿಸಿಲಿಗೆ ಹಿಡಿದಾಗ ಗೊತ್ತಾಗುವುದು. ಇದನ್ನೂ ದುಡ್ಡು ಕೊಟ್ಟೇ ಕಲಿತಿದ್ದೇನೆ.) ಡಿಸೆಂಬರ್ ಮಧ್ಯದಲ್ಲಿ ಮುಗಿಯಿತು. ವಿ ಆಕಾರದ ಕುತ್ತಿಗೆ, ಅಂಚಿಗೆ ಎರಡು ಸೀದಾ ಎರಡು ಉಲ್ಟಾ ಕುಣಿಕೆ, ಎಡಗಡೆ ಒಳಭಾಗದಲ್ಲಿ ಅವನ ಹೆಸರಿನ ಮೊದಲ ಅಕ್ಷರ ಸಣ್ಣದಾಗಿ ಬಿಳಿ ದಾರದಲ್ಲಿ. ಹತ್ತು ದಿನ ಹಾಕಿಕೊಂಡು ಹೋದ. ಹನ್ನೊಂದನೇ ದಿನ ಡೈರಿಯಲ್ಲಿ ಚೀಟಿ ಬಂತು. ಸ್ಕೂಲಿನ ಲೋಗೋ ಇರುವ ಸ್ವೆಟರ್ ಮಾತ್ರ ಹಾಕಿ ಕಳಿಸಬೇಕು, ಅದು ಇಂಥ ಅಂಗಡಿಯಲ್ಲಿ ಸಿಗುತ್ತದೆ.

ನಾನು ಸುಮ್ಮನೆ ಬಿಡುವವಳಲ್ಲ. ಹೋಗಿ ಕೇಳಿದೆ. ಬಣ್ಣ ಅದೇ, ಆಕಾರ ಅದೇ, ಬೇಕಿದ್ದರೆ ಲೋಗೋನೂ ಕಸೂತಿ ಹಾಕಿ ಕೊಡುತ್ತೇನೆ ಅಂದೆ. ಆಫೀಸಿನಲ್ಲಿದ್ದವರು ನಗುತ್ತಲೇ, "ಮೇಡಂ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ" ಅಂದರು. ಎಲ್ಲರೂ ಕೇಳುತ್ತಾರಾ? ಆ ಸ್ಕೂಲಿನಲ್ಲಿ ಕೈಯಲ್ಲಿ ಸ್ವೆಟರ್ ಹೆಣೆಯುವ ಇನ್ನೊಬ್ಬ ಅಮ್ಮ ಇದ್ದರೆ ನಾನೇ ಹೋಗಿ ಸ್ನೇಹ ಮಾಡಿಕೊಂಡು ಬರುತ್ತೇನೆ. ಕೊನೆಗೆ ಅಂಗಡಿಗೆ ಹೋದೆವು. 30ರ ಸೈಜು ಖಾಲಿಯಾಗಿತ್ತು, 32 ಕೊಟ್ಟರು. ಜರಡಿ ಹಾಗೆ ಗಾಳಿ ಆಡುವ ತೆಳ್ಳಗಿನ ಮೆಷಿನ್ ಸ್ವೆಟರು, ತೋಳು ಬೆರಳ ತುದಿವರೆಗೆ. ಅಂಗಡಿಯವರು, "ಬೆಳೆಯೋ ಹುಡುಗ, ದೊಡ್ಡದೇ ಇರ್ಲಿ ಬಿಡಿ ಮೇಡಂ" ಅಂದರು. ಈ ಮಾತಿಗೆ ಎದುರು ಹೇಳಿ ಗೆದ್ದವರು ಯಾರೂ ಇಲ್ಲ.

ಸ್ವೆಟರ್ ಬಿಚ್ಚಿ ಮತ್ತೆ ಹೆಣೆಯುವುದು ನಮ್ಮಮ್ಮನ ಕಾಲದಲ್ಲಿ ದೊಡ್ಡ ವಿಷಯವೇ ಆಗಿರಲಿಲ್ಲ. ನನ್ನ ತವರು ಕೊಪ್ಪದ ಹತ್ತಿರ. ಅಲ್ಲಿ ಸ್ವೆಟರ್ ಬೇಕಾಗುವುದು ಚಳಿಗಾಲಕ್ಕಿಂತ ಮಳೆಗಾಲಕ್ಕೇ ಜಾಸ್ತಿ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಮಳೆ. ತೊಳೆದ ಸ್ವೆಟರ್ ಒಣಗುವುದು ಅನ್ನುವ ಮಾತೇ ಇಲ್ಲ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಹರವುತ್ತಿದ್ದರು. ಹಾಗಾಗಿ ನಮ್ಮ ಸ್ವೆಟರ್‌ಗಳಿಗೆಲ್ಲ ಹೊಗೆಯ ವಾಸನೆ, ಕ್ಲಾಸಿನಲ್ಲಿ ಪಕ್ಕ ಕೂತವರಿಗೂ ಅದೇ ವಾಸನೆ, ಹಾಗಾಗಿ ಯಾರೂ ಯಾರನ್ನೂ ಆಡಿಕೊಳ್ಳುವ ಹಾಗಿರಲಿಲ್ಲ.

ಅಮ್ಮನ ಹತ್ತಿರ ಒಂದು ಮರೂನ್ ಉಲ್ಲನ್ ಇತ್ತು. ಮೊದಲು ಅದು ಅವರು ಕಾಲೇಜಿಗೆ ಹೋಗುವಾಗ ಹಾಕುತ್ತಿದ್ದ ಗುಂಡಿ ಸ್ವೆಟರು. ಅದನ್ನು ಬಿಚ್ಚಿ ನನಗೆ ಮೂರನೇ ಕ್ಲಾಸಿನಲ್ಲಿ ಒಂದು ಮಾಡಿಕೊಟ್ಟರು. ನನಗೆ ಚಿಕ್ಕದಾದ ಮೇಲೆ ತಮ್ಮನಿಗೆ ತೋಳಿಲ್ಲದ್ದು. ಅವನು ಮರ ಹತ್ತಿ ಅದನ್ನೂ ಹರಿದ ಮೇಲೆ ಉಳಿದ ತುಂಡು ದಾರವೆಲ್ಲ ಬಾಗಿಲ ತೋರಣದ ಚೆಂಡುಗಳಾದವು. ಆ ತೋರಣ ಈಗಲೂ ಊರಿನ ಮನೆಯ ದೇವರ ಕೋಣೆ ಬಾಗಿಲಿಗಿದೆ. ಧೂಳು ಹಿಡಿದು ಮರೂನ್ ಹೋಗಿ ಅಡಿಕೆ ತೊಗರಿನ ಬಣ್ಣ ಬಂದಿದೆ.

ನನಗೆ ಅಮ್ಮ ಕಲಿಸಿದ್ದು ತೆಂಗಿನ ಗರಿಯ ಕಡ್ಡಿಯಲ್ಲಿ. ನಿಜವಾದ ಕಡ್ಡಿ ಕೊಟ್ಟರೆ ಬಗ್ಗಿಸುತ್ತೇನೆ ಅಂತ ಭಯ. ಸೀದಾ ಅಂದರೆ ಕಡ್ಡಿ ಒಳಗೆ ಹೋಗಬೇಕು, ಉಲ್ಟಾ ಅಂದರೆ ಈಚೆ ಬರಬೇಕು, ಇಷ್ಟೇ ಲೋಕದಲ್ಲಿರುವುದು, ಉಳಿದ ಡಿಸೈನೆಲ್ಲ ಇವೆರಡರದ್ದೇ ಆಟ ಅಂತ ಹೇಳಿದ್ದರು. ಆಗ ನಂಬಿರಲಿಲ್ಲ. ಈಗ ಯೂಟ್ಯೂಬಿನಲ್ಲಿ ಎಷ್ಟು ನೋಡಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಈಗ ನಾನು ಎಲ್ಲಿ, ಯಾವಾಗ ಹೆಣೆಯುತ್ತೇನೆ ಅಂತ ಕೆಲವರು ಕೇಳುತ್ತಾರೆ. ಸಮಯ ಹೇಗೆ ಸಿಗುತ್ತದೆ ಅಂತ. ಸಮಯ ಸಿಗುವುದಿಲ್ಲ, ಸಂದು ಸಿಗುತ್ತದೆ. ಬೆಳಿಗ್ಗೆ ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಎರಡು ಸಾಲು. ಗೇಟಿನ ಹತ್ತಿರ ಸ್ಕೂಲ್ ವ್ಯಾನಿಗೆ ಕಾಯುವಾಗ ಒಂದು ಸಾಲು, ವ್ಯಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ನಾಲ್ಕು. ಬೆಂಗಳೂರಿನ ಟ್ರಾಫಿಕ್ಕಿನಿಂದ ಲಾಭ ಆಗಿರುವುದು ನನಗೊಬ್ಬಳಿಗೇ ಇರಬೇಕು. ಸಂಜೆ ಮಗ ಮಗ್ಗಿ ಒಪ್ಪಿಸುವಾಗ ಮಾತ್ರ ಕಷ್ಟ. ನಾನು ಮನಸ್ಸಿನಲ್ಲೇ ಮೂವತ್ತಾರು, ಮೂವತ್ತೇಳು ಅಂತ ಕುಣಿಕೆ ಎಣಿಸುತ್ತಿರುತ್ತೇನೆ, ಅವನು ಜೋರಾಗಿ "ಸೆವೆನ್ ಸಿಕ್ಸ್ ಆರ್ ಫಾರ್ಟಿ ಟೂ" ಅನ್ನುತ್ತಾನೆ, ನಾನು ನಲವತ್ಮೂರು ಅಂತ ಮುಂದುವರಿಸುತ್ತೇನೆ. ಆ ಸಾಲು ಹಾಳು. ಒಂದು ಸಲ ತೋಳು ಒಂದು ಕಡೆ ವಾಲಿಕೊಂಡಿದ್ದಕ್ಕೆ ಏಳರ ಮಗ್ಗಿಯೇ ಕಾರಣ.

ಮನೆ ತುಂಬಾ ಉಲ್ಲನ್ ಎಳೆ. ಸೋಫಾ ಮೇಲೆ, ಇವರ ಕಪ್ಪು ಪ್ಯಾಂಟಿನ ಮೇಲೆ, ಮೊಸರಿನ ಪಾತ್ರೆಯಲ್ಲಿ. ಮೊನ್ನೆ ಚಿತ್ರಾನ್ನದಲ್ಲಿ ನೀಲಿ ಎಳೆ ಬಂತು ಅಂತ ಇವರು ಎತ್ತಿ ತೋರಿಸಿದರು. ಕಂಬಳೀಲಿ ಕೂತು ಉಣ್ಣುವವರು ಕೂದಲು ಬಂತು ಅನ್ನಬಾರದು ಅಂದೆ. ಗಾದೆ ಹೇಳಿದರೆ ಇವರು ಸುಮ್ಮನಾಗುತ್ತಾರೆ, ಅದಕ್ಕೇ ಒಂದಷ್ಟು ಇಟ್ಟುಕೊಂಡಿದ್ದೇನೆ.

ಇವರ ಹತ್ತಿರವೂ ಒಂದು ಅಸ್ತ್ರ ಇದೆ. ಬೆಂಗಳೂರಿಗೆ ಸ್ವೆಟರ್ ಯಾಕೆ ಅನ್ನುವುದು ಇವರ ಹಳೇ ವಾದ. ಈ ಊರಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು, ಆಮೇಲೆ ಅಷ್ಟು ಚಳಿ ಬಿದ್ದೇ ಇಲ್ಲ ಅಂತ ಪಾಠ ಒಪ್ಪಿಸುತ್ತಾರೆ. 1884ರಲ್ಲಿ ನಾನಿದ್ದಿದ್ದರೆ ಇಡೀ ಪೇಟೆಗೆ ಸ್ವೆಟರ್ ಹಾಕಿಕೊಡುತ್ತಿದ್ದೆ. ಅದೇ ಮನುಷ್ಯ ಡಿಸೆಂಬರ್ ಬೆಳಿಗ್ಗೆ ಹಾಲು ತರಲು ಹೋಗುವಾಗ ನಾನು ಹಾಕಿಕೊಟ್ಟ ಬೂದು ಮಂಕಿ ಕ್ಯಾಪ್ ಏರಿಸಿಕೊಂಡೇ ಹೋಗುವುದು.

ಸೆಖೆಯ ದಾಖಲೆ ಮಾತ್ರ ನನಗೇ ಚೆನ್ನಾಗಿ ನೆನಪಿದೆ. 2016ರ ಏಪ್ರಿಲ್ 24, 39.2 ಡಿಗ್ರಿ. ನಾನು ಆಗ ಎರಡು ವಾರದ ಬಾಣಂತಿ. ಅಮ್ಮ ಊರಿನಿಂದ ಬಂದಿದ್ದರು. ಬಾಣಂತಿ ಅಂದ ಮೇಲೆ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೈಗೆ ಸ್ವೆಟರು, ಕಾಲಿಗೆ ಉಲ್ಲನ್ ಸಾಕ್ಸು, ಫ್ಯಾನ್ ಮುಟ್ಟುವ ಹಾಗಿಲ್ಲ. ಹೊರಗೆ ಬೆಂಗಳೂರು ಬೇಯುತ್ತಿದೆ, ಒಳಗೆ ನಾನು ಕೊಪ್ಪದ ಆಷಾಢದಲ್ಲಿದ್ದೇನೆ. ಸಾಕ್ಸು ಅಮ್ಮನೇ ಹೆಣೆದದ್ದು ಬೇರೆ, ತೆಗೆದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮೆಣಸಿನ ಸಾರು ಉಂಡು ಬೆವರು ಇಳಿಸುತ್ತಾ ಕೂತಿದ್ದೆ. ಈಗ ನಗು ಬರುತ್ತದೆ, ಆವತ್ತು ಅಳು ಬಂದಿತ್ತು.

ಆ ಬಸುರಿನಲ್ಲೇ ಕುಲಾವಿಯ ಜಗಳ ಆಗಿದ್ದು. ಮಗುವಿಗೆ ಕುಲಾವಿ ಹೆಣೆಯಬೇಕು ಅಂತ ನನಗೆ ನಾಲ್ಕನೇ ತಿಂಗಳಿನಿಂದಲೇ ಕೈ ತುರಿಕೆ. ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಕೂಸು ಹುಟ್ಟೋ ಮೊದ್ಲೇ ಕುಲಾವಿ ಹೊಲಿಸಿದ್ರಂತೆ, ನಿಂದು ಅದೇ ಆಯ್ತು" ಅಂತ ಅಮ್ಮ ಬೈದರು. ನಾನು ಅದನ್ನು ಗಾದೆ ಅಂತ ತಿಳಿದುಕೊಂಡಿದ್ದೆ, ಅವರಿಗೆ ಅದು ಕಾನೂನು. ಹುಟ್ಟುವ ಮುಂಚೆ ಏನೂ ಮಾಡಿಡಬಾರದು, ಅಷ್ಟೇ. ನಮ್ಮತ್ತೆಯೂ ಅಮ್ಮನ ಪಕ್ಷವೇ. ಬೇರೆ ಎಲ್ಲದರಲ್ಲೂ ಎಣ್ಣೆ ಸೀಗೆಕಾಯಿ ಆಗಿರುವ ಇಬ್ಬರು ಇದೊಂದರಲ್ಲಿ ಒಂದಾದರು.

ಕೈ ಸುಮ್ಮನಿರಬೇಕಲ್ಲ. ಅದೇ ಹೊತ್ತಿಗೆ ಮೇಲಿನ ಮನೆಯ ಆಂಟಿ ಒಂದು ದಾರಿ ತೋರಿಸಿದರು. ಚೆನ್ನೈನಲ್ಲಿ ಸುಭಶ್ರೀ ನಟರಾಜನ್ ಅನ್ನುವವರು ಶುರು ಮಾಡಿದ ಗುಂಪೊಂದು ದೊಡ್ಡ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆಗೆ ಹೊರಟಿತ್ತು. ಹೆಂಗಸರು ಅವರವರ ಮನೆಯಲ್ಲೇ ಕೂತು ಚೌಕಗಳನ್ನು ಹೆಣೆದು ಕಳಿಸಬೇಕು, ಎಲ್ಲವನ್ನೂ ಸೇರಿಸುತ್ತಾರೆ. ನನಗೆ ಕಡ್ಡಿ ಎರಡಿದ್ದರೇ ಧೈರ್ಯ, ಕ್ರೋಶಾದ ಒಂದೇ ಕೊಕ್ಕೆ ಕಡ್ಡಿ ಹಿಡಿದರೆ ಒಂಟಿ ಕಾಲಲ್ಲಿ ನಿಂತ ಹಾಗೆ. ಆದರೂ ಹೊಟ್ಟೆ ಮೇಲೆ ಇಟ್ಟುಕೊಂಡು ಒಂದು ಚೌಕ ಮಾಡಿದೆ, ಹಸಿರು ಮತ್ತು ಹಳದಿ. 2016ರ ಜನವರಿ 31ಕ್ಕೆ ಅವರ ಹೊದಿಕೆ ದಾಖಲೆ ಮಾಡಿತು, 11,148.5 ಚದರ ಮೀಟರ್. ಅದರಲ್ಲಿ ನನ್ನದು ಎಲ್ಲಿದೆ ಅಂತ ಫೋಟೋ ದೊಡ್ಡದು ಮಾಡಿ ಮಾಡಿ ಹುಡುಕಿದೆ. ಹಸಿರು ಹಳದಿ ಚೌಕ ಸಾವಿರ ಇರಬಹುದು. ಆದರೂ ಒಂದನ್ನು ನೋಡಿ, ಇದೇ ನಂದು ಅಂತ ತೀರ್ಮಾನ ಮಾಡಿದೆ.

ಕುಲಾವಿಯನ್ನು? ಅದನ್ನೂ ಹೆಣೆದೆ. ಪಕ್ಕದ ಮನೆಯವರ ನಾದಿನಿಯ ಮಗುವಿಗೆ ಅಂತ ಸುಳ್ಳು ಹೇಳಿ. ಆಗ ತಾನೇ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ ಅಂತ ಓದಿಕೊಂಡು, ಅದಕ್ಕಿಂತ ಚೂರು ಕಡಿಮೆ ಅಳತೆಗೆ, ಎಳೆದರೆ ಹಿಗ್ಗುವ ಹಾಗೆ. ಮಗ ಹುಟ್ಟಿದ ಮಾರನೇ ದಿನ ಬ್ಯಾಗಿನಿಂದ ತೆಗೆದೆ. ಅಮ್ಮ ನನ್ನ ಮುಖ ನೋಡಿದರು, ಕುಲಾವಿ ನೋಡಿದರು, ಒಳಹೊರಗು ತಿರುಗಿಸಿದರು. "ಕಿವಿ ಹತ್ರ ಎರಡು ಕುಣಿಕೆ ಬಿಟ್ಟಿದ್ದಿ" ಅಂದರು. ಬೇರೆ ಏನೂ ಹೇಳಲಿಲ್ಲ.

ಅವನ ಮೊದಲ ಹುಟ್ಟುಹಬ್ಬದ ಸ್ವೆಟರಿನ ಕಥೆಯನ್ನು ಹೊಸದಾಗಿ ಕಲಿಯುವವರು ದಯವಿಟ್ಟು ಓದಿಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಒಂದು ಅಮೆರಿಕದ ಪ್ಯಾಟರ್ನ್ ಸಿಕ್ಕಿತು. ಎದೆ ಸುತ್ತಳತೆ 24 ಇಂಚು, 108 ಕುಣಿಕೆ, 8ನೇ ನಂಬರ್ ಕಡ್ಡಿ. ನನ್ನ ಹತ್ತಿರ 8ನೇ ನಂಬರ್ ಇತ್ತು. ಖುಷಿಯಿಂದ ಹೆಣೆದೆ. ಬಂದದ್ದು ಹತ್ತೊಂಬತ್ತೂವರೆ ಇಂಚು. ಗೊಂಬೆಗೆ ಸರಿ.

ಆಗಿದ್ದೇನು ಅಂದರೆ, ನಮ್ಮಲ್ಲಿ ಮೊದಲಿನಿಂದ ನಡೆದು ಬಂದಿರುವುದು ಹಳೇ ಇಂಗ್ಲೆಂಡಿನ ನಂಬರು. ಅದರಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 14 ಅಂದರೆ ಬರೀ 2. ಅಮೆರಿಕದಲ್ಲಿ ತಿರುಗುಮುರುಗು, ನಂಬರ್ ಜಾಸ್ತಿ ಆದಷ್ಟೂ ದಪ್ಪ. ಅವರ 8 ಅಂದರೆ 5 ಮಿಲಿಮೀಟರ್. ಅವರ ಲೆಕ್ಕದಲ್ಲಿ ನಾಲ್ಕು ಇಂಚಿಗೆ 18 ಕುಣಿಕೆ ಬರಬೇಕಿತ್ತು, ನನಗೆ 22 ಬಂದಿತ್ತು. ಇಂಚಿಗೆ ಒಂದು ಕುಣಿಕೆ ಜಾಸ್ತಿ ಅಂದರೆ ಏನು ಮಹಾ ಅನ್ನಿಸುತ್ತದೆ, ಒಟ್ಟು ಸುತ್ತಳತೆಯಲ್ಲಿ ಹತ್ತಿರ ಹತ್ತಿರ ನಾಲ್ಕೂವರೆ ಇಂಚು ಹೋಯಿತು. ಈಗ ನಂಬರ್ ಓದುವುದೇ ಇಲ್ಲ, ಮಿಲಿಮೀಟರ್ ಮಾತ್ರ ನೋಡುತ್ತೇನೆ. ಅಮ್ಮನಿಗೆ ಫೋನ್ ಮಾಡಿದರೆ, "ಒಂದು ಅಂಗೈ ಅಗಲ ಹೆಣೆದು ಅಳೆದು ನೋಡ್ಬಾರ್ದಿತ್ತನೇ?" ಅಂದರು. ಅಮ್ಮ ಮಿಲಿಮೀಟರೂ ನೋಡಿದವರಲ್ಲ, ನಂಬರೂ ನೋಡಿದವರಲ್ಲ. ಮೊದಲು ಒಂದು ಚೂರು ಹೆಣೆಯುವುದು, ಮಗುವಿನ ಬೆನ್ನಿಗೆ ಹಿಡಿದು ನೋಡುವುದು.

ಇಸ್ತ್ರಿ ಕಥೆಯನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವುದು ಜಾಸ್ತಿ ಪಾಲು ಅಕ್ರಿಲಿಕ್ಕು, ಕುರಿಗೂ ಅದಕ್ಕೂ ಸಂಬಂಧ ಇಲ್ಲ. ಬಿಸಿ ಇಸ್ತ್ರಿ ತಾಗಿದರೆ ಅದರ ಜೀವವೇ ಹೋಗಿ ನೆನೆಸಿದ ಹಪ್ಪಳದ ಹಾಗೆ ಜೋತು ಬೀಳುತ್ತದೆ, ಮತ್ತೆ ಏಳುವುದಿಲ್ಲ. ಮಗಳ ಗುಲಾಬಿ ಮಫ್ಲರ್ ಹೋಗಿದ್ದು ಹಾಗೇ, ತಪ್ಪು ನನ್ನದೇ.

ಇನ್ನು ದುಡ್ಡಿನ ವಿಷಯ. ಹೆಣೆದದ್ದನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಚೆನ್ನಾಗಿದೆ, ಮಾರ್ತೀರಾ?" ಎರಡನೆಯದು, "ನಂಗೊಂದು ಹಾಕ್ಕೊಡ್ತೀರಾ, 500 ಕೊಡ್ತೀನಿ." ದೊಡ್ಡವರ ಒಂದು ಸ್ವೆಟರಿಗೆ 400 ಗ್ರಾಂಗಿಂತ ಜಾಸ್ತಿ ದಾರ ಬೇಕು, ಆ 500ರಲ್ಲಿ ದಾರದ ದುಡ್ಡು ಕಳೆದರೆ ಉಳಿಯುವುದು ಕಾಫಿಪುಡಿ ಕಾಸು. ನನಗೆ 60 ಗಂಟೆ ಹಿಡಿಯುತ್ತದೆ. ಕೆಳಗಿನ ಮನೆಯ ಗೆಳತಿ ಸೀರೆಗೆ ಕ್ರೋಶಾ ಕುಚ್ಚು ಹಾಕುತ್ತಾಳೆ, ಮದುವೆ ಸೀಸನ್ನಿನಲ್ಲಿ ಅವಳ ಮನೆ ಮುಂದೆ ಚಪ್ಪಲಿ ಸಾಲು. ಅದರಲ್ಲಿ ದುಡ್ಡಿದೆ, ಯಾಕಂದ್ರೆ ಮೆಷಿನ್ ಸ್ವೆಟರ್ ಬೀದಿ ಬೀದಿಯಲ್ಲಿ ಸಿಗುತ್ತದೆ, ಕ್ರೋಶಾ ಮಾತ್ರ ಕೈಯಲ್ಲೇ ಆಗಬೇಕು.

ಸ್ವೆಟರ್ ಅಂದರೆ ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರು ನೆನಪಾಗುತ್ತಾರೆ. ಚಳಿಗಾಲ ಬಂತೆಂದರೆ ನಮ್ಮ ಊರುಗಳ ಬಯಲಿನಲ್ಲಿ, ಫುಟ್‌ಪಾತಿನಲ್ಲಿ ಸ್ವೆಟರ್ ಅಂಗಡಿ ಹಾಕುತ್ತಿದ್ದವರು ಅವರು. ಚಿಕ್ಕವಳಿದ್ದಾಗ ಅವೆಲ್ಲ ಅವರೇ ಹೆಣೆದದ್ದು ಅಂದುಕೊಂಡಿದ್ದೆ. ಜಾಸ್ತಿ ಮಾಲು ಬರುವುದು ಲೂಧಿಯಾನದ ಮೆಷಿನ್‌ಗಳಿಂದ ಅಂತ ಆಮೇಲೆ ಗೊತ್ತಾಯಿತು. ಆ ಅಂಗಡಿಯ ಆಂಟಿ ಗಿರಾಕಿ ಇಲ್ಲದಾಗ ಮೂಲೆಯಲ್ಲಿ ಕೂತು ತನ್ನ ಮಗುವಿಗೆ ಕೈಯಲ್ಲೇ ಒಂದು ಹೆಣೆಯುತ್ತಿದ್ದರು. ಹಿಂದೆ ಇನ್ನೂರು ಸ್ವೆಟರ್ ನೇತಾಡುತ್ತಿವೆ, ಮಡಿಲಲ್ಲಿ ಇನ್ನೊಂದು. ಅಮ್ಮ ಅಲ್ಲಿ ಏನನ್ನೂ ಕೊಳ್ಳುತ್ತಿರಲಿಲ್ಲ, ಆದರೆ ಆ ಹೆಣಿಗೆ ನೋಡುತ್ತಾ ನಿಂತುಬಿಡುತ್ತಿದ್ದರು.

ನಿನ್ನೆಗೆ ವಾಪಸ್ ಬರುತ್ತೇನೆ.

ತೋಳು ಬಿಚ್ಚುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊಣಕೈ ಹತ್ತಿರ ಉಲ್ಲನ್ ಹೊಚ್ಚ ಹೊಸದರ ಹಾಗಿದೆ. ಕೈ ಅಂಚಿನಲ್ಲಿ ಇಂಕಿಲ್ಲ, ಮುಂದೆ ಸಾಂಬಾರಿಲ್ಲ, ಎಲ್ಲೂ ಮಣ್ಣಿಲ್ಲ. ಒಂದು ಬಿಳಿ ಶರ್ಟನ್ನು ಒಂದೇ ದಿನದಲ್ಲಿ ಗೋಡೆ ಒರೆಸುವ ಬಟ್ಟೆ ಮಾಡಿಕೊಂಡು ಬರುವ ಹುಡುಗ ಹತ್ತು ದಿನ ಹಾಕಿದ ಸ್ವೆಟರು. ಬರೀ ಉಪ್ಪಿನಕಾಯಿ ವಾಸನೆ, ಅದೂ ಒಂದೇ ಮಗ್ಗುಲಲ್ಲಿ.

ಸಂಜೆ ಬೋರ್ನ್‌ವಿಟಾ ಕೊಟ್ಟು ಕೇಳಿದೆ. ಮೊದಲು ಲೋಟದೊಳಗೇ ಮುಖ ಇಟ್ಟುಕೊಂಡ. ಆಮೇಲೆ ಹೇಳಿದ. ವ್ಯಾನಿನಲ್ಲಿ ಕೂತ ತಕ್ಷಣ ಬಿಚ್ಚಿ ಬ್ಯಾಗಿನಲ್ಲಿ, ಊಟದ ಡಬ್ಬಿ ಪಕ್ಕ ತುರುಕುತ್ತಿದ್ದನಂತೆ. ಕ್ಲಾಸಿನಲ್ಲಿ ಯಾರೋ ಅದಕ್ಕೆ ಅಜ್ಜಿ ಸ್ವೆಟರ್ ಅಂತ ಹೆಸರಿಟ್ಟಿದ್ದರಂತೆ. ಬರುವಾಗ ಗೇಟು ಕಾಣಿಸುತ್ತಿದ್ದ ಹಾಗೆ ಮತ್ತೆ ಹಾಕಿಕೊಳ್ಳುತ್ತಿದ್ದನಂತೆ. "ನೀನು ಗೇಟಲ್ಲಿ ನಿಂತಿರ್ತೀಯಲ್ಲ, ಅದಕ್ಕೆ" ಅಂದ.

ಚೀಟಿ ಬರುವ ಮೊದಲೇ, ನಾನು ಬಿಚ್ಚುವ ಮೊದಲೇ, ಅವನು ಅದನ್ನು ಬಿಚ್ಚಿಯಾಗಿತ್ತು. ನಾನು ಆಫೀಸಿನಲ್ಲಿ ಅಷ್ಟೊಂದು ವಾದ ಮಾಡಿದ್ದು ಯಾರ ಪರವಾಗಿ ಅಂತ ಯೋಚನೆ ಮಾಡುತ್ತಾ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ನಿಂತಿದ್ದೆ. ಚೀಟಿ ಬಂದಾಗ ಅವನಿಗೆ ಎಷ್ಟು ನಿರಾಳ ಆಗಿರಬೇಕು ಪಾಪ. ಬೇಜಾರಾಯಿತಾ ಅಂದರೆ ಆಯಿತು. ಆದರೆ ದಿನಾ ಗೇಟಿನ ಹತ್ತಿರ ಬಂದಾಗ ಸೀಟಿನ ಮೇಲೆ ಬಗ್ಗಿ, ತಲೆ ತೂರಿಸಿ, ಹತ್ತು ದಿನ ಆ ನಾಟಕ ಆಡಿದ್ದಾನಲ್ಲ ಅಂತ ನೆನೆಸಿಕೊಂಡರೆ ಬೈಯಲೂ ಮನಸ್ಸು ಬರಲಿಲ್ಲ.

ಬಿಚ್ಚಿದ ದಾರ ಸುರುಳಿ ಸುರುಳಿಯಾಗಿ ನೂಡಲ್ಸ್ ಹಾಗಿರುತ್ತದೆ, ಹಾಗೇ ಹೆಣೆದರೆ ಉಬ್ಬುತಗ್ಗು ಬರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಬಚ್ಚಲುಮನೆಯ ಕೊಂಡಿಗೆ ತೂಗುಹಾಕಿದೆ. ಕೆಳಗೆ ಭಾರಕ್ಕೆ ಒಂದು ಚೊಂಬು. ಅಮ್ಮ ಮಾಡುತ್ತಿದ್ದುದೂ ಹೀಗೆಯೇ, ಚೊಂಬೂ ಅವರೇ ಕೊಟ್ಟದ್ದು. ರಾತ್ರಿ ಇವರು ಮುಖ ತೊಳೆಯಲು ಹೋಗಿ, ಕತ್ತಲಲ್ಲಿ ಒದ್ದೆ ಲಡಿ ಕೆನ್ನೆಗೆ ತಾಗಿ ಕಿರುಚಿಕೊಂಡರು.

ಇವತ್ತು ಮಧ್ಯಾಹ್ನ ಒಣಗಿತ್ತು. ಯುಕೆಜಿಯ ಮಗಳನ್ನು ಎದುರು ಕೂರಿಸಿ ಅವಳ ಎರಡೂ ಕೈಗೆ ಲಡಿ ಹಾಕಿ ಉಂಡೆ ಸುತ್ತಿದೆ. ಅವಳಿಗೆ ಸುಮ್ಮನೆ ಕೂರಲು ಆಗುವುದಿಲ್ಲ, ಆದರೆ ಕೈ ಕಟ್ಟಿದ ಹಾಗಾದ್ದರಿಂದ ಓಡಲೂ ಆಗಲಿಲ್ಲ. ಮೂರು ಸಲ ಮೂಗು ತುರಿಸುತ್ತಿದೆ ಅಂದಳು, ಮೂರು ಸಲವೂ ನಾನೇ ತುರಿಸಿಕೊಟ್ಟೆ. ಅವಳಿಗೊಂದು ಗಿಡ್ಡ ಜಾಕೆಟ್ ಮಾಡೋಣ ಅಂತ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಮಗ ಸ್ಕೂಲಿನಿಂದ ಬಂದ. 32ರ ಸ್ವೆಟರಿನ ತೋಳು ಎರಡು ಸುತ್ತು ಮಡಚಿಕೊಂಡಿದ್ದ, ಎದೆ ಮೇಲೆ ಲೋಗೋ, ಲೋಗೋ ಮೇಲೆ ಚಟ್ನಿ. ಉಂಡೆ ನೋಡಿ ಸ್ವಲ್ಪ ಹೊತ್ತು ಸುತ್ತಮುತ್ತ ಓಡಾಡಿದ. ಆಮೇಲೆ ನನ್ನ ಪಕ್ಕ ಬಂದು ಕೂತು, "ಅಮ್ಮಾ, ಇದ್ರಲ್ಲಿ ನನ್ ಬ್ಯಾಟ್‌ಗೆ ಕವರ್ ಹಾಕ್ತೀಯಾ?" ಅಂದ.

ಬ್ಯಾಟ್ ತಂದ. ಟೇಪ್ ಹಿಡಿದು ಅಳೆದೆವು. ದೊಡ್ಡವರ ಬ್ಯಾಟ್ ಅಗಲ 10.8 ಸೆಂಟಿಮೀಟರ್‌ಗಿಂತ ಜಾಸ್ತಿ ಇರಬಾರದು, ಅದು ಕ್ರಿಕೆಟ್ಟಿನ ರೂಲ್ ಅಂತ ಅವನೇ ಹೇಳಿದ. ಇವನದು ಮಕ್ಕಳ ಬ್ಯಾಟು, ಅಷ್ಟಿಲ್ಲ. 52 ಕುಣಿಕೆ ಸಾಕು ಅಂದೆ. "ಬೇಡ, ಸ್ವಲ್ಪ ದೊಡ್ಡದೇ ಇರ್ಲಿ, ಮುಂದಿನ ವರ್ಷ ದೊಡ್ಡ ಬ್ಯಾಟ್ ತಗೋತೀನಿ" ಅಂದ. 60 ಹಾಕಿದೆ.

"ಮತ್ತೆ ಅದರ ಮೇಲೆ ಎಂಆರ್‌ಎಫ್ ಅಂತ ಬರ್ಬೇಕು. ಕೊಹ್ಲಿ ಬ್ಯಾಟಲ್ಲಿರೋ ಥರ."

ಲೋಗೋ ಬೇಕಂತೆ.

ಬಿಳಿ ದಾರ ಹೇಗೂ ಮಿಕ್ಕಿತ್ತು. ಅವನ ಗಣಿತದ ಚೌಕುಳಿ ಪುಸ್ತಕದಿಂದ ಒಂದು ಹಾಳೆ ಕೇಳಿ, ಒಂದು ಚೌಕಕ್ಕೆ ಒಂದು ಕುಣಿಕೆ ಅಂತ ಅಕ್ಷರ ಬರೆದೆ. ಇದರಲ್ಲೂ ಒಂದು ಮೋಸ ಇದೆ. ಕುಣಿಕೆ ಚೌಕ ಇರುವುದಿಲ್ಲ, ಎತ್ತರಕ್ಕಿಂತ ಅಗಲ ಜಾಸ್ತಿ. 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 30 ಸಾಲು ಬೇಕು. ಹಾಳೆಯಲ್ಲಿ ಚೆಂದ ಕಂಡದ್ದನ್ನು ಹಾಗೇ ಹೆಣೆದರೆ ಅಕ್ಷರದ ಮೇಲೆ ಯಾರೋ ಕೂತ ಹಾಗೆ ಚಪ್ಪಟೆ ಬರುತ್ತದೆ. ಅದಕ್ಕೆ ಹಾಳೆಯಲ್ಲಿ ಉದ್ದುದ್ದ ಎಳೆದು ಬರೆಯಬೇಕು. ಮಗ ಪಕ್ಕದಲ್ಲಿ ಕೂತು ರಬ್ಬರ್ ಹಿಡಿದು ಅಳಿಸಿ ಅಳಿಸಿ ಸರಿ ಮಾಡುತ್ತಿದ್ದಾನೆ. ಎಂ ಬಂದಿದೆ, ಎಫ್ ಬಂದಿದೆ. ಆರ್ ಅಕ್ಷರದ ಕಾಲು ಮಾತ್ರ ಇನ್ನೂ ಸರಿಯಾಗಿ ಕೂರುತ್ತಿಲ್ಲ.